ಗುರುಪಾದಪ್ಪನವರ ಪಾಲಿಗೆ ಬಂದ ಯುದ್ಧ

ಗುರುಪಾದಪ್ಪನವರು ಸಮರ ಇತಿಹಾಸದ ಬಳಗಕ್ಕೆ ಸೇರಿದ್ದು ನೀರಿನ ತೊಂದರೆಯಿಂದ.

ಬೆಂಗಳೂರಿನ ಅಂಚಿನ ಸಿಂಗಾಪುರದ ಅವರ ಬಡಾವಣೆಯಲ್ಲಿ ಆಗ ನಲ್ಲಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಬಗ್ಗೆ ಮಾತಾಡಲು ನಿವಾಸಿಗಳೆಲ್ಲ ಭಾನುವಾರ ಬೆಳಿಗ್ಗೆ ಚಿಕ್ಕಹನುಮಯ್ಯನವರ ಕಟ್ಟಡದ ಮೇಲಿನ ಹಾಲ್‌ನಲ್ಲಿ ಸೇರುತ್ತಾರೆಂದು ಯಾರೋ ಹೇಳಿದ್ದರು. ಹೋದರು. ಬಾಗಿಲ ಪಕ್ಕದ ಹಲಗೆಯ ಮೇಲೆ ‘ಇಂದಿನ ವಿಷಯ: ಟ್ಯಾಂಕ್‌ಗಳು, ಸಮಸ್ಯೆ ಮತ್ತು ಪರಿಹಾರ’ ಎಂದು ಬರೆದಿತ್ತು. ಸರಿಯಾದ ಜಾಗಕ್ಕೇ ಬಂದೆ ಅಂದುಕೊಂಡು ಮೊದಲ ಸಾಲಿನಲ್ಲಿ ಕೂತರು. ದೀಪ ಆರಿತು. ಗೋಡೆಯ ಮೇಲೆ ಉದ್ದ ಮೂತಿಯ, ಸರಪಳಿ ಚಕ್ರದ ಯುದ್ಧದ ಟ್ಯಾಂಕೊಂದು ಮೂಡಿತು.

ಎದ್ದು ಹೋಗಬಹುದಿತ್ತು. ಆದರೆ ಉಪನ್ಯಾಸ ಮಾಡುತ್ತಿದ್ದ ಚಿಕ್ಕಹನುಮಯ್ಯನವರು ಪ್ರತಿ ವಾಕ್ಯ ಮುಗಿಸಿದಾಗಲೂ ಇವರ ಮುಖವನ್ನೇ ನೋಡುತ್ತಿದ್ದರು. ಅಂಥ ನೋಟವನ್ನು ಅರ್ಧಕ್ಕೆ ಬಿಟ್ಟು ಏಳುವುದು ಗುರುಪಾದಪ್ಪನವರಿಂದ ಆಗುವ ಕೆಲಸವಲ್ಲ. ನೀರಿನ ಸಭೆ ಮುಂದಿನ ವಾರಕ್ಕೆ ಹೋಗಿದೆಯೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವರು ಮರುಭೂಮಿಯಲ್ಲಿ ಟ್ಯಾಂಕು ಯಾಕೆ ಕೆಡುತ್ತದೆ ಎಂಬುದನ್ನು ಪೂರ್ತಿ ಕೇಳಿ, ಬೋಂಡ ತಿಂದು, ಸದಸ್ಯರೂ ಆಗಿದ್ದರು.

ಅವರ ಬದುಕಿನ ದೊಡ್ಡ ಸಂಗತಿಗಳೆಲ್ಲ ನಡೆದದ್ದು ಹೀಗೆಯೇ. ರೋಣದ ಕಡೆಯವರು. ಐಟಿಐ ಮುಗಿಸಿ ಮನೆಯಲ್ಲಿದ್ದಾಗ ಚಿಕ್ಕಪ್ಪನ ಮಗನಿಗೆ ಪೀಣ್ಯದ ಗೇರ್ ಕಾರ್ಖಾನೆಯಿಂದ ಸಂದರ್ಶನದ ಕರೆ ಬಂತು. ಜೊತೆಗೆ ಯಾರಾದರೂ ಇರಲಿ ಎಂದು ಇವರನ್ನು ಕಳಿಸಿದರು. ಕಾರ್ಖಾನೆಯವರು ಬೆಂಚಿನ ಮೇಲೆ ಕೂತವರನ್ನೆಲ್ಲ ಒಳಗೆ ಕರೆದರು. ಚಿಕ್ಕಪ್ಪನ ಮಗ ಊರಿಗೆ ವಾಪಸ್ಸಾದ, ಇವರು ನಿವೃತ್ತಿಯವರೆಗೂ ಅಲ್ಲೇ ಇದ್ದರು. ಸಿಂಗಾಪುರದ ಸೈಟೂ ಹಾಗೆಯೇ. ನೋಡಲು ಹೋದದ್ದು ಸಹೋದ್ಯೋಗಿ, ಕೊಂಡದ್ದು ಇವರು. ರತ್ನವ್ವನವರನ್ನು ಮದುವೆಯಾದದ್ದಂತೂ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ. ಅಣ್ಣ ಒಲ್ಲೆ ಅಂದ, ಹಿರಿಯರು ಇವರ ಕಡೆ ತಿರುಗಿದರು. ಇದ್ಯಾವುದರ ಬಗ್ಗೆಯೂ ಗುರುಪಾದಪ್ಪನವರಿಗೆ ಬೇಸರವಿರಲಿಲ್ಲ. ಕೆಲಸ ಒಳ್ಳೆಯದೇ ಇತ್ತು, ಸೈಟು ಪೂರ್ವಕ್ಕೆ ಮುಖ ಮಾಡಿತ್ತು, ರತ್ನವ್ವನವರ ಕೈಯಡುಗೆಗೆ ಹೆಸರಿಡುವ ಹಾಗಿರಲಿಲ್ಲ. ಆದರೂ ಯಾರಾದರೂ ‘ನಿಮಗೇನು ಬೇಕು’ ಎಂದು ಕೇಳಿದರೆ ಅವರು ಎದುರಿನವರು ಏನು ತಗೊಂಡಿದ್ದಾರೆಂದು ನೋಡಿ ಅದನ್ನೇ ಹೇಳುತ್ತಿದ್ದರು.

ಬಳಗದ ಹೆಸರು ‘ಉತ್ತರ ಬೆಂಗಳೂರು ಸಮರ ಇತಿಹಾಸ ಆಸಕ್ತರ ಬಳಗ’. ಅಧ್ಯಕ್ಷರು ಚಿಕ್ಕಹನುಮಯ್ಯ. ಊರು ಬಡಾವಣೆಯಾಗುವ ಮೊದಲಿನಿಂದ ಅಲ್ಲಿದ್ದ ಮನೆತನ. ಮಣ್ಣು ಅಗೆಯುವ ಯಂತ್ರಗಳನ್ನು ಬಾಡಿಗೆಗೆ ಬಿಟ್ಟು ಬೆಳೆದವರು. ಸರಪಳಿ ಚಕ್ರದ ಮೇಲೆ ಓಡುವ ಯಾವುದನ್ನು ಕಂಡರೂ ಅವರಿಗೆ ಪ್ರೀತಿ. ಆ ಪ್ರೀತಿಯೇ ಟ್ಯಾಂಕಿನವರೆಗೂ ಬೆಳೆದಿತ್ತು. ಕಾರ್ಯದರ್ಶಿ ಬಸವಕಿರಣ. ಹಾವೇರಿ ಕಡೆಯ ಹುಡುಗ, ಮಾನ್ಯತಾ ಟೆಕ್ ಪಾರ್ಕಿನ ಒಂದು ಆಫೀಸಿನಲ್ಲಿ ಕೆಲಸ. ಅವನಿಗೆ ಯುದ್ಧಗಳಿಗಿಂತ ಕಾರ್ಯಕ್ರಮಗಳ ಮೇಲೆ ಹೆಚ್ಚು ಆಸಕ್ತಿ. ಇವರ ಜೊತೆ ಇನ್ನೂ ಹತ್ತು ಹನ್ನೆರಡು ಜನ. ಒಬ್ಬರೂ ಸೈನ್ಯದಲ್ಲಿದ್ದವರಲ್ಲ.

ಬಳಗದಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬ ಸದಸ್ಯರೂ ಒಂದು ಯುದ್ಧವನ್ನು ತಮ್ಮದಾಗಿ ಮಾಡಿಕೊಳ್ಳಬೇಕು. ಅದರ ಬಗ್ಗೆ ಬೇರೆಯವರು ಮಾತಾಡುವಂತಿಲ್ಲ. ಗುರುಪಾದಪ್ಪನವರು ಬರುವ ಹೊತ್ತಿಗೆ ಹೆಸರಿರುವ ಯುದ್ಧಗಳೆಲ್ಲ ಮುಗಿದಿದ್ದವು. ಪಾಣಿಪತ್ ಮೂರನ್ನೂ ಅಣ್ಣ ತಮ್ಮಂದಿರಿಬ್ಬರು ಹಂಚಿಕೊಂಡಿದ್ದರು.

“ಹೈಫಾ ಖಾಲಿ ಇದೆ, ಅಂಕಲ್,” ಅಂದ ಬಸವಕಿರಣ. “ಮೊದಲನೇ ಮಹಾಯುದ್ಧ. ಮೈಸೂರು ಲ್ಯಾನ್ಸರ್ಸ್. ನಮ್ಮೋರೇ.”

“ಆತು,” ಅಂದರು ಗುರುಪಾದಪ್ಪ.

ಅವರಿಗೆ ಹೈಫಾ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಕಾರ್ಖಾನೆಯ ಅಭ್ಯಾಸ, ಕೊಟ್ಟ ಕೆಲಸ ಮಾಡಬೇಕು. ಗ್ರಂಥಾಲಯಕ್ಕೆ ಹೋದರು, ಮಗಳು ಅಕ್ಷಯಾಳಿಂದ ಫೋನಿನಲ್ಲಿ ಹುಡುಕಿಸಿದರು. ಮೈಸೂರು ಸಂಸ್ಥಾನದ ಈ ಭರ್ಜಿಯ ಕುದುರೆ ದಳ ಹಡಗು ಹತ್ತಿ ಈಜಿಪ್ಟಿಗೆ ಹೋದದ್ದು, ಅಲ್ಲಿ ಹಡಗುಗಳು ಹಾಯುವ ಕಾಲುವೆ ಕಾದದ್ದು, ೧೯೧೮ರ ಸೆಪ್ಟೆಂಬರ್ ಇಪ್ಪತ್ತಮೂರರಂದು ಅದರಾಚೆಯ ಬಂದರು ಹೈಫಾದಲ್ಲಿ ಜೋಧಪುರದವರು ಊರೊಳಗೆ ನುಗ್ಗುವಾಗ ಮೈಸೂರಿನವರು ಪಕ್ಕದ ಬೆಟ್ಟ ಹತ್ತಿ ಶತ್ರುಗಳ ಫಿರಂಗಿಗಳ ಬಾಯಿ ಮುಚ್ಚಿಸಿದ್ದು, ಎಲ್ಲ ಓದಿಕೊಂಡರು. ಆದರೆ ಉಪನ್ಯಾಸ ಕೊಡುವ ಸರದಿ ಬಂದಾಗಲೆಲ್ಲ ಬೇರೆ ಯಾರಿಗೋ ತುರ್ತಾಗಿ ಮಾತಾಡಬೇಕಿರುತ್ತಿತ್ತು. ಗುರುಪಾದಪ್ಪ ಬಿಟ್ಟುಕೊಡುತ್ತಿದ್ದರು.

ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿ ಆ ಲ್ಯಾನ್ಸರ್‌ಗಳ ಸ್ಮಾರಕವಿದೆ. ಬಳಗದವರು ಪ್ರತಿ ವರ್ಷ ಆ ದಿನ ಅಲ್ಲಿಗೆ ಹೋಗಿ ಹೂವಿನ ಮಾಲೆಯಿಡುತ್ತಿದ್ದರು. ಬಸ್ಸಿಗೆ ಕಾಯುವವರು ಇವರನ್ನು ಒಮ್ಮೆ ನೋಡಿ ಮತ್ತೆ ಬಸ್ಸು ಬರುವ ದಿಕ್ಕಿಗೆ ತಿರುಗುತ್ತಿದ್ದರು. ಬಸವಕಿರಣನಿಗೆ ಇದು ಸಹಿಸಲಾಗಲಿಲ್ಲ.

“ಈ ಸಲ ಕುದ್ರೆ ತರ್ಸೋಣ ಸಾರ್,” ಅಂದ. “ಮೇಲೆ ಒಬ್ರು ಲ್ಯಾನ್ಸರ್ ಡ್ರೆಸ್ಸಲ್ಲಿ. ಕೈಲಿ ಭರ್ಜಿ. ಜನ ತಾವಾಗೇ ನಿಲ್ತಾರೆ.”

“ಕುದ್ರೆ ಮ್ಯಾಲೆ ಕೂರೋರ್ಯಾರು?” ಚಿಕ್ಕಹನುಮಯ್ಯ ಕೇಳಿದರು.

“ನಾನೇ. ಊಟೀಲಿ ಓಡ್ಸಿದೀನಿ.”

ಕುದುರೆಯ ವ್ಯವಸ್ಥೆ ಸುಲಭವಾಗಿಯೇ ಆಯಿತು. ಸ್ಮಾರಕದಿಂದ ಸ್ವಲ್ಪ ದೂರದ ಓಣಿಯಲ್ಲಿ ಜಹೀರಾ ಎಂಬ ಹೆಂಗಸಿನ ಲಾಯವಿತ್ತು. ಗಂಡ ತೀರಿಕೊಂಡ ಮೇಲೆ ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ಕೆಲಸವನ್ನು ಆಕೆಯೇ ನಡೆಸುತ್ತಿದ್ದಳು. ಅವಳ ಬಿಳಿ ಹೆಣ್ಣುಕುದುರೆಯ ಹೆಸರು ಮೋತಿ.

“ಗಲಾಟೆ ಮಾಡಲ್ವಾ?” ಬಸವಕಿರಣ ಕೇಳಿದ.

“ಎಂಥೆಂಥಾ ಮದುಮಕ್ಕಳನ್ನ ಹೊತ್ತದೆ ಸಾರ್ ಇದು,” ಅಂದಳು ಜಹೀರಾ. “ಅಷ್ಟ್ ಹೆದ್ರಿರೋರು ಯಾವ ಯುದ್ಧದಲ್ಲೂ ಇರಲ್ಲ.”

ಆ ವರ್ಷ ಸೆಪ್ಟೆಂಬರ್ ಇಪ್ಪತ್ತಮೂರು ಬಂದದ್ದು ಗಣೇಶನ ಹಬ್ಬ ಆಗಿ ಕೆಲವೇ ದಿನಕ್ಕೆ. ಮಧ್ಯಾಹ್ನ ಕಳೆದ ಮೇಲೆ ಬಳಗದವರೆಲ್ಲ ಸ್ಮಾರಕದ ಬಳಿ ಸೇರಿದರು. ಮೋತಿ ಬಂತು. ಬಾಡಿಗೆಗೆ ತಂದ ಖಾಕಿ ಉಡುಪು, ಜರಿಯ ಪೇಟ ತೊಟ್ಟು ಬಸವಕಿರಣ ರಿಕಾಪಿನಲ್ಲಿ ಕಾಲಿಟ್ಟು ಹತ್ತಿದ. ಮೋತಿ ಪಕ್ಕಕ್ಕೆ ಎರಡು ಹೆಜ್ಜೆ ಹಾಕಿತು, ಅಷ್ಟೇ. ಬಸವಕಿರಣ ಇಳಿದುಬಿಟ್ಟ. ವಿಡಿಯೊ ತೆಗೆಯುವುದು ತನ್ನ ಜವಾಬ್ದಾರಿಯೆಂದು ಅವನಿಗೆ ಆಗ ನೆನಪಾಯಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಉಡುಪು ಬಸವಕಿರಣನಿಗೇ ಉದ್ದವಾಗಿತ್ತು. ಬಳಗದಲ್ಲಿ ಉದ್ದ ಇದ್ದವರು ಗುರುಪಾದಪ್ಪ ಒಬ್ಬರೇ.

“ಗುರುಪಾದಪ್ಪೋರೆ, ನಿಮ್ದೇ ಯುದ್ಧ ಅಲ್ವಾ?” ಅಂದರು ಚಿಕ್ಕಹನುಮಯ್ಯ.

ಗುರುಪಾದಪ್ಪ ಸ್ಮಾರಕದ ಹಿಂದೆ ನಿಂತು ಅಂಗಿ ಬದಲಾಯಿಸಿದರು. ಜಹೀರಾ ಕಾಲು ಹಿಡಿದು ಎತ್ತಿದಳು. ಮೇಲೆ ಹೋದ ಮೇಲೆ ಅವರಿಗೆ ಮೊದಲು ಅನ್ನಿಸಿದ್ದು, ಕುದುರೆ ಬಹಳ ಬಿಸಿಯಾಗಿದೆ ಎಂದು. ಯಾವ ಪುಸ್ತಕದಲ್ಲೂ ಅದನ್ನು ಬರೆದಿರಲಿಲ್ಲ.

ಚಿಕ್ಕಹನುಮಯ್ಯ ಭಾಷಣ ತೆಗೆದರು. “ಆತ್ಮೀಯರೇ, ನೂರು ವರ್ಷಗಳ ಕೆಳಗೆ…” ಎನ್ನುವಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ತಮಟೆಯ ಸದ್ದಾಯಿತು, ಹಿಂದೆಯೇ ಬ್ಯಾಂಡ್. ಆರ್.ಟಿ. ನಗರದ ಯಾವುದೋ ಗೆಳೆಯರ ಬಳಗದ ಗಣೇಶ ವಿಸರ್ಜನೆಗೆ ಹೊರಟಿದ್ದ. ಮೋತಿ ಕಿವಿ ನೆಟ್ಟಗೆ ಮಾಡಿತು. ತನ್ನ ಆಯುಷ್ಯದಲ್ಲಿ ಅದು ಬ್ಯಾಂಡ್ ಕೇಳಿದಾಗಲೆಲ್ಲ ಮಾಡಿದ್ದು ಒಂದೇ ಕೆಲಸ, ಅದರ ಮುಂದೆ ಹೋಗಿ ನಡೆಯುವುದು. ಈಗಲೂ ಹೋಯಿತು.

“ಹಿಡೀರಿ! ಹಿಡೀರಿ!” ಅಂದರು ಬಳಗದವರು. ಯಾರೂ ಹಿಡಿಯಲಿಲ್ಲ.

ಜಹೀರಾ ಓಡಿ ಬಂದು ಲಗಾಮು ಹಿಡಿದು ಪಕ್ಕದಲ್ಲಿ ನಡೆಯತೊಡಗಿದಳು. “ಬಿಡಿ ಸಾರ್, ಈಗ ಅದು ಕೇಳಲ್ಲ. ಬ್ಯಾಂಡ್ ನಿಂತ್ರೆ ನಿಲ್ತದೆ. ನೀವ್ ಬೆನ್ನು ನೆಟ್ಟಗೆ ಇಟ್ಕೊಳ್ಳಿ, ಸಾಕು.”

ಗುರುಪಾದಪ್ಪ ಬೆನ್ನು ನೆಟ್ಟಗೆ ಇಟ್ಟುಕೊಂಡರು. ಮೆರವಣಿಗೆಯ ಹುಡುಗರಿಗೆ ಆನಂದವೋ ಆನಂದ. “ಅಂಕಲ್ ಸೂಪರ್ ಗುರು! ಯಾರು ಬುಕ್ ಮಾಡಿದ್ದು ಮಗಾ?” ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಬುಕ್ ಮಾಡಿದವರು ಯಾರೆಂದು ಗೊತ್ತಾಗದ ಕಾರಣ ಎಲ್ಲರೂ ತಾವೇ ಇರಬೇಕೆಂದು ಸುಮ್ಮನಾದರು. ಯಾರೋ ಹಾರ ಹಾಕಿದರು. ಯಾರೋ ಕುಂಕುಮ ಎರಚಿದರು. ತಮಟೆಯವರು ಲಯ ಬದಲಾಯಿಸಿದಾಗ ಮೋತಿ ಮುಂಗಾಲೆತ್ತಿ ಕುಣಿಯಿತು. ಗುರುಪಾದಪ್ಪನವರು ಒಂದು ಕೈಯಲ್ಲಿ ಅದರ ಜೂಲು, ಇನ್ನೊಂದರಲ್ಲಿ ಭರ್ಜಿ ಹಿಡಿದು ಕಣ್ಣು ಮುಚ್ಚಿದರು. ನೋಡಿದವರು ಅದನ್ನು ಭಕ್ತಿಯೆಂದುಕೊಂಡರು.

ಗಂಗಾನಗರದ ಹತ್ತಿರ ಮೆರವಣಿಗೆ ನಿಧಾನವಾಯಿತು. ಒಂದು ಹಳೆಯ ಮನೆಯ ಜಗಲಿಯಿಂದ ಮುದುಕಿಯೊಬ್ಬರು ಆರತಿ ತಟ್ಟೆ ಹಿಡಿದು ಇಳಿದು ಬಂದರು. ಗಣೇಶನಿಗೆ ಆರತಿಯೆತ್ತಿದ ಮೇಲೆ ಕುದುರೆಯ ಮುಂದೆ ನಿಂತರು. ಹೆಸರು ಮುನಿಕೆಂಪಮ್ಮ ಎಂದು ಜನ ಕೂಗುತ್ತಿದ್ದುದರಿಂದ ತಿಳಿಯಿತು.

“ಯಾರ್ ವೇಸನಪ್ಪ ಇದು? ಕೆಂಪೇಗೌಡ್ರಾ?”

“ಅಲ್ರಿ ಅವ್ವಾರ. ಮೈಸೂರು ಲ್ಯಾನ್ಸರ್ಸ್.”

“ಅಂಗಂದ್ರೆ?”

ಗುರುಪಾದಪ್ಪ ಹೇಳತೊಡಗಿದರು. ತಮಟೆಯ ಸದ್ದಿಗೆ ಗಂಟಲು ಎತ್ತರಿಸಬೇಕಾಯಿತು. ನಮ್ಮ ಊರುಗಳ ಹುಡುಗರು ಕುದುರೆಗಳ ಸಮೇತ ಹಡಗು ಹತ್ತಿ ಹೋದದ್ದು, ಮರಳು, ಬೆಟ್ಟ, ಫಿರಂಗಿ. ಬಳಗಕ್ಕೆ ಸೇರಿದ ಮೇಲೆ ಅವರು ಕೊಟ್ಟ ಮೊದಲ ಉಪನ್ಯಾಸ ಅದು. ಕುದುರೆಯ ಮೇಲಿದ್ದುದರಿಂದ ಮಧ್ಯೆ ಬಾಯಿ ಹಾಕಿ ಸರದಿ ಕಿತ್ತುಕೊಳ್ಳುವವರೂ ಇರಲಿಲ್ಲ.

ಮುನಿಕೆಂಪಮ್ಮ ಕೇಳಿಸಿಕೊಂಡರು. “ಅಷ್ಟ್ ದೂರ ಯಾಕಪ್ಪ ಓದ್ರು?”

“ಹೋಗ್ರಿ ಅಂದ್ರು. ಹ್ವಾದ್ರು.”

“ಅವ್ರುನ್ನ ಕೇಳಿದ್ರಾ, ಓಗ್ತೀರಾ ಅಂತ?”

ಗುರುಪಾದಪ್ಪ ಮೋತಿಯ ಜೂಲು ಸವರಿದರು. “ಕೇಳಿರಲಿಕ್ಕಿಲ್ರಿ,” ಅಂದರು.

“ಕುದ್ರೆಗುಳು? ಅವು ವಾಪಸ್ ಬಂದ್ವಾ?”

ಅದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಓದಿದರೂ ಆ ಪ್ರಶ್ನೆ ತಮಗೆ ಬಂದೇ ಇರಲಿಲ್ಲವೆಂಬುದು ಈಗ ಹೊಳೆಯಿತು. ಮುದುಕಿ ಉತ್ತರಕ್ಕೆ ಕಾಯದೆ ಮೋತಿಯ ಹಣೆಗೆ ಕುಂಕುಮವಿಟ್ಟು, ಒಂದು ಬಾಳೆಹಣ್ಣು ತಿನ್ನಿಸಿ ಒಳಗೆ ಹೋದರು. ಬ್ಯಾಂಡ್ ಮತ್ತೆ ಶುರುವಾಯಿತು.

ಹೆಬ್ಬಾಳ ಕೆರೆಯ ಕಲ್ಯಾಣಿಯ ಬಳಿ ಗಣೇಶ ನೀರಿಗಿಳಿದ ಮೇಲೆಯೇ ಮೋತಿ ನಿಂತದ್ದು. ಇಳಿದಾಗ ಗುರುಪಾದಪ್ಪನವರ ಎರಡು ಕಾಲೂ ಒಂದರ ಪಕ್ಕ ಒಂದು ಬರಲೊಪ್ಪಲಿಲ್ಲ. ಹುಡುಗರು ಪ್ರಸಾದ ಕೊಟ್ಟು, ಮುಂದಿನ ವರ್ಷಕ್ಕೂ ಅವರೇ ಬರಬೇಕೆಂದರು. ಜಹೀರಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟಳು.

“ಬೀಳ್ಲಿಲ್ಲ ಸಾರ್ ನೀವು,” ಅಂದಳು. “ಮದುಮಕ್ಕಳು ಬೀಳ್ತಾರೆ.”

ಅತ್ತ ಸ್ಮಾರಕದ ಬಳಿ ಚಿಕ್ಕಹನುಮಯ್ಯನವರು ಕುದುರೆಯಿಲ್ಲದೆ ಭಾಷಣ ಮುಗಿಸಿದ್ದರು. ಸಂಜೆ ಫೋನ್ ಮಾಡಿದರು. “ಏನ್ರೀ ಇಂಗ್ ಮಾಡ್ಬುಟ್ರಿ? ಸೇನೆ ಬುಟ್ಟು ಓಡೋಗೋರ್ಗೆ ಏನಂತಾರೆ ಗೊತ್ತಾ?” ಎಂದು ಗದರಿದರು. ಗುರುಪಾದಪ್ಪ ಕ್ಷಮೆ ಕೇಳಿದರು. ಆದರೆ ಬಸವಕಿರಣ ಮೆರವಣಿಗೆಯ ಹಿಂದೆ ಓಡುತ್ತ ತೆಗೆದ ವಿಡಿಯೊವನ್ನು ಆ ವಾರದಲ್ಲಿ ಯಲಹಂಕದಿಂದ ಯಶವಂತಪುರದವರೆಗೂ ಜನ ನೋಡಿದರು. ಮುಂದಿನ ಸಭೆಗೆ ಹಾಲ್ ತುಂಬಿ ಮೆಟ್ಟಿಲವರೆಗೂ ಜನ ನಿಂತಿದ್ದರು. ಅರ್ಧ ಜನ ಕುದುರೆ ಎಲ್ಲಿ ಎಂದು ಕೇಳಿದರು. ಚಿಕ್ಕಹನುಮಯ್ಯನವರ ಸಿಟ್ಟು ಇಳಿಯಿತು. ವೇದಿಕೆಯ ಮೇಲೆ ಗುರುಪಾದಪ್ಪನವರಿಗೆ ಶಾಲು ಹೊದಿಸಿ, ಇನ್ನು ಮೇಲೆ ಪ್ರತಿ ವರ್ಷವೂ ಇವರೇ ಲ್ಯಾನ್ಸರ್, ಜೊತೆಗೆ ನಮ್ಮದೇ ತಮಟೆ, ನಮ್ಮದೇ ಬ್ಯಾಂಡ್ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು.

“ಬ್ಯಾಡ್ರಿ,” ಅಂದರು ಗುರುಪಾದಪ್ಪ.

ಮೈಕಿನಲ್ಲಿ ಅದು ಕೇಳಿಸಿತು. ಆದರೆ ಯಾರಿಗೂ ಅರ್ಥವಾಗಲಿಲ್ಲ. “ಏನಂದ್ರಿ?” ಎಂದು ಅಧ್ಯಕ್ಷರು ಬಾಗಿದರು.

“ಬ್ಯಾಡ ಅಂದ್ನಿ. ಬ್ಯಾಂಡಿನ ಮುಂದ ಕುಣಿಸೂದು ಬ್ಯಾಡ. ಅದು ಮದುವಿ ಅಲ್ರಿ.”

ಬಸವಕಿರಣ ಕಾಫಿ ಬಂದಿದೆಯೆಂದು ಹೇಳಿ ಸಭೆಯನ್ನು ಉಳಿಸಿದ. ಗುರುಪಾದಪ್ಪನವರು ಶಾಲನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು. ಯಾರೋ ಹಿಂದೆ ಬಂದು ಹೆಗಲು ಹಿಡಿದು ‘ಹಾಗೆಲ್ಲ ಅನ್ನೋ ಹಾಗಿಲ್ಲ’ ಎನ್ನುತ್ತಾರೆಂದು ಎರಡು ಸಲ ತಿರುಗಿ ನೋಡಿದರು. ತರಕಾರಿ ಗಾಡಿಯೊಂದೇ ಬರುತ್ತಿತ್ತು.

ಮರುದಿನ ಬೆಳಿಗ್ಗೆ ವಾಕಿಂಗ್ ಎಂದು ಹೇಳಿ ಮನೆಯಿಂದ ಹೊರಟವರು ಬಸ್ಸು ಹತ್ತಿ ಜಹೀರಾಳ ಲಾಯಕ್ಕೆ ಹೋದರು. ಅವಳು ಮೋತಿಗೆ ಹುರುಳಿ ಬೇಯಿಸಿ ಹಾಕುತ್ತಿದ್ದಳು.

“ನನಗ ಕುದುರಿ ಸವಾರಿ ಕಲಿಸ್ತೀಯೇನವಾ?”

ಜಹೀರಾ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಯಾರ್ ಕಳ್ಸಿದ್ರು ಸಾರ್ ನಿಮ್ಮನ್ನ?”

“ಯಾರೂ ಇಲ್ಲ. ನಾನ ಬಂದೇನಿ.”

ಮೊದಲ ತಿಂಗಳು ಅವಳು ಹತ್ತಿಸಲೇ ಇಲ್ಲ. ಲದ್ದಿ ಬಳಿಸಿದಳು, ಮೈ ಉಜ್ಜಿಸಿದಳು, ಗೊರಸು ಎತ್ತಿ ಕಲ್ಲು ತೆಗೆಯುವುದನ್ನು ಕಲಿಸಿದಳು. ಗೊರಸಿನಲ್ಲಿ ಸಿಕ್ಕ ಕಲ್ಲು ಎಷ್ಟು ಸಣ್ಣದಿದ್ದರೂ ಕುದುರೆ ಕುಂಟುತ್ತದೆ ಎಂದು ತಿಳಿದಾಗ ಗುರುಪಾದಪ್ಪನವರಿಗೆ ಹೈಫಾದ ಬೆಟ್ಟ ಬೇರೆಯೇ ರೀತಿ ಕಾಣಿಸಿತು. ಅಷ್ಟು ಕಲ್ಲಿನ ಮೇಲೆ, ಗುಂಡಿನ ಸದ್ದಿನಲ್ಲಿ, ಒಬ್ಬನಿಗೆ ಇಳಿದು ಕಾಲೆತ್ತಿ ನೋಡಲಾದರೂ ಪುರುಸೊತ್ತಿತ್ತೇ? ಇಂಥವನ್ನು ಅವರು ಮೋತಿಯ ಹತ್ತಿರವೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ಲಾಯದ ಹಿಂದಿನ ಖಾಲಿ ಜಾಗದಲ್ಲಿ ಸುತ್ತು ಹಾಕಿಸಿದಳು. ಒಂದು ದಿನ ಬಿದ್ದರು. ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ರತ್ನವ್ವ ಬಾಗಿಲಲ್ಲೇ ಕಾದಿದ್ದರು.

“ವಾಕಿಂಗ್ ಮಾಡೂ ಮುಂದ ಕೈ ಹೆಂಗ ಮುರಿತ್ರಿ?”

“ಮುರಿದಿಲ್ಲ. ಉಳುಕೇತಿ.”

“ಅಂಗಿಗೆ ದಿನಾ ಅದೆಂಥಾದ್ದೋ ವಾಸನಿ. ನಾ ಏನೇನರ ತಿಳ್ಕೊಂಡಿದ್ದೆ.”

“ಏನ್ ತಿಳ್ಕೊಂಡಿದ್ದಿ?”

“ದನದ ವ್ಯಾಪಾರ ಏನರ ಹಚ್ಚೀರೇನೊ ಅಂತ.”

ಗುರುಪಾದಪ್ಪ ಎಲ್ಲ ಹೇಳಿದರು. ರತ್ನವ್ವ ಅವರ ಕೈಗೆ ಅರಿಶಿನ ಬೆಚ್ಚಗೆ ಮಾಡಿ ಹಚ್ಚುತ್ತ ಪೂರ್ತಿ ಕೇಳಿದರು. ಗಂಡ ಒಂದು ವಿಷಯವನ್ನು ಇಷ್ಟು ಹೊತ್ತು ಬಿಡದೆ ಹೇಳಿದ್ದನ್ನು ಅವರು ಈ ಮನೆಯಲ್ಲಿ ನೋಡಿರಲಿಲ್ಲ.

“ಇಷ್ಟ್ ದಿನ ನಿಮಗ ಬೇಕಾಗಿದ್ದು ಇದೇನು?” ಕೇಳಿದರು.

“ಗೊತ್ತಿಲ್ಲ. ಇಷ್ಟ್ ದಿನ ಯಾರೂ ಕುದುರಿ ಮ್ಯಾಲೆ ಕುಂದ್ರಿಸಿರಲಿಲ್ಲ.”

“ಹಂಗಾರ ಕಲೀರಿ. ಅಕ್ಷಯಾನ ಹೆಲ್ಮೆಟ್ ಹಾಕ್ಕೊಂಡ ಹೋಗ್ರಿ.” ಪಟ್ಟಿಯ ಗಂಟು ಬಿಗಿದು ಸೇರಿಸಿದರು, “ಆ ಅಂಗಿ ಮಾತ್ರ ನನ್ನ ಸೀರಿ ಜೋಡಿ ನೆನಿ ಹಾಕಬ್ಯಾಡ್ರಿ.”

ಮರುವರ್ಷ ಆ ದಿನ ಪಿತೃಪಕ್ಷದಲ್ಲಿ ಬಿತ್ತು. ಊರಲ್ಲಿ ಮದುವೆಯಿಲ್ಲ, ಮೆರವಣಿಗೆಯಿಲ್ಲ, ಬ್ಯಾಂಡಿನವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಗುರುಪಾದಪ್ಪ ಖಾಕಿ ಉಡುಪು ಒಲ್ಲೆನೆಂದಿದ್ದರು. ತಮ್ಮ ಎಂದಿನ ಪ್ಯಾಂಟು, ಅರ್ಧ ತೋಳಿನ ಅಂಗಿ, ಮಗಳ ಸ್ಕೂಟರಿನ ಗುಲಾಬಿ ಹೆಲ್ಮೆಟ್ ಹಾಕಿಕೊಂಡು, ಲಾಯದಿಂದ ಸ್ಮಾರಕದವರೆಗೂ ಮೋತಿಯ ಮೇಲೆ ಕೂತು ತಾವೇ ನಡೆಸಿಕೊಂಡು ಬಂದರು. ಜಹೀರಾ ಹಿಂದೆ ದೂರದಲ್ಲಿ ಕೈ ಕಟ್ಟಿಕೊಂಡು ನಡೆದಳು. ವಿಡಿಯೊ ನೋಡಿ ಸೇರಿದ್ದ ಜನ ಅಷ್ಟರಲ್ಲಿ ಬೇರೆ ವಿಡಿಯೊಗಳ ಕಡೆಗೆ ಹೋಗಿದ್ದರು. ಬಳಗದ ಹಳಬರು ಮಾತ್ರ ಇದ್ದರು, ಮತ್ತೆ ಚೀಲ ಹಿಡಿದು ಒಂದು ಪಕ್ಕಕ್ಕೆ ನಿಂತ ರತ್ನವ್ವ.

ಗುರುಪಾದಪ್ಪ ಇಳಿದು, ಹೆಲ್ಮೆಟ್ ತೆಗೆದು, ಮೋತಿಯ ಪಕ್ಕದಲ್ಲೇ ನಿಂತು ಮಾತಾಡಿದರು. ಮೈಕ್ ಬೇಡವೆಂದರು. ಬೆಟ್ಟ ಹತ್ತಿದವರ ಬಗ್ಗೆ ಹೇಳಿದರು, ಕಲ್ಲಿನ ಬಗ್ಗೆ ಹೇಳಿದರು, ಕುದುರೆ ಎಷ್ಟು ಬಿಸಿಯಿರುತ್ತದೆ, ಚಳಿಯಲ್ಲಿ ಅದಕ್ಕೆ ಒರಗಿ ಮಲಗಿದವನಿಗೆ ಅದು ಏನಾಗಿರಬಹುದು ಎಂದು ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. “ಕುದುರಿಗೋಳು ಕಡೀಕ ಏನಾದವು ಅಂತ ನನಗಿನ್ನೂ ಸಿಕ್ಕಿಲ್ರಿ. ಹುಡುಕಾಕತ್ತೀನಿ.” ಚಿಕ್ಕಹನುಮಯ್ಯನವರು ಮಧ್ಯೆ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದರು.

ಮಾತು ಮುಗಿದು ಎಲ್ಲರೂ ತಲೆಬಾಗಿ ಮೌನವಾಗಿ ನಿಂತರು. ಆ ಹೊತ್ತಿನಲ್ಲಿ ಮೋತಿ ಕತ್ತು ಚಾಚಿ, ಸ್ಮಾರಕಕ್ಕೆ ಇಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ಒಂದು ತುದಿಯಿಂದ ತಿನ್ನತೊಡಗಿತು. ಬಸವಕಿರಣ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಮಾಲೆ ನೋಡಿದರು, ಕುದುರೆ ನೋಡಿದರು.

“ತಿನ್ಲಿ ಬುಡಿ,” ಅಂದರು ಚಿಕ್ಕಹನುಮಯ್ಯ. “ಅದ್ಕೂ ಸಲ್ತದೆ.”

ರತ್ನವ್ವ ಮುಂದೆ ಬಂದು ಚೀಲದಿಂದ ಫೋನ್ ತೆಗೆದರು. “ಇನ್ನೊಂದ್ ಸಲ ಹತ್ರಿ. ತವರಿಗೆ, ನಮ್ಮ ಅಣ್ಣಗ ಫೋಟೊ ಕಳಸ್ತೀನಿ.” ಗುರುಪಾದಪ್ಪ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ರತ್ನವ್ವ ಬಹಳ ಹೊತ್ತು ನೋಡಿ ನೋಡಿ ಒಂದು ಫೋಟೊ ತೆಗೆದರು. ಅದರಲ್ಲಿ ಮೋತಿಯ ಮುಖ ಪೂರ್ತಿ ಬಂದಿತ್ತು, ಬಾಯಲ್ಲಿದ್ದ ಹೂವೂ ಬಂದಿತ್ತು. ಗುರುಪಾದಪ್ಪನವರು ಕಾಲಿನಿಂದ ಕುತ್ತಿಗೆಯವರೆಗೆ ಬಂದಿದ್ದರು.